ಆರುನೂರ ಹದಿನಾಲ್ಕು ಬಡಿತ

ಲಾಜರಪ್ಪ ಮೇಸ್ತ್ರಿ ದೊಡ್ಡ ಡ್ರೈವರೋ, ನನ್ನ ತಮ್ಮ ಓಂಕಾರಿ ದೊಡ್ಡ ಡ್ರೈವರೋ ಎಂದು ಇನ್ನು ಯಾರಾದರೂ ನನ್ನ ಜಗಲಿಗೆ ಬಂದು ಕೇಳಿದರೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಹೇಳಿಬಿಟ್ಟಿದ್ದೇನೆ. ನನಗೀಗ ಅರವತ್ತೇಳು. ಮೂವತ್ತೊಂದು ವರ್ಷದಿಂದ ಇದೊಂದೇ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲಿ ಇದೇ ಮಾತು. ಸಾವಿನ ಮನೆಗೆ ಹೋದರೆ ಹೆಣ ಎತ್ತುವ ತನಕ ಇದೇ ಮಾತು. ಹೋದ ವರ್ಷ ನಮ್ಮ ಯಜಮಾನರಿಗೆ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ನೋಡಲು ಬಂದ ಐದು ಜನ ಗಂಡಸರು, ಕಣ್ಣು ಹೇಗಿದೆ ಎಂದು ಒಂದು ಮಾತು ಕೇಳಿ, ಮಂಚದ ಸುತ್ತ ಕೂತು ಲಾಜರಪ್ಪನ ಕಾರಿಗೆ ಮುಂದಿನ ಗಾಜು ಇತ್ತೋ ಇಲ್ಲವೋ ಎಂದು ಸಂಜೆಯವರೆಗೆ ಜಗಳವಾಡಿದರು. ಕಾಫಿ ಮಾಡಿ ಕೊಟ್ಟವಳು ನಾನು.

ಎಲ್ಲರೂ ನನ್ನ ಹತ್ತಿರವೇ ಬರುವುದಕ್ಕೆ ಕಾರಣ ಇದೆ. ನಮ್ಮೂರಿನಲ್ಲಿ ಗಡಿಯಾರ ನಡೆಯುವುದಿಲ್ಲ. ಹೊಳೆಯ ಸೇತುವೆ ದಾಟಿ ಈಚೆಗೆ ಬಂದ ಕೂಡಲೇ ಯಾವ ಗಡಿಯಾರವಾದರೂ ನಿಂತುಬಿಡುತ್ತದೆ, ಆಚೆಗೆ ಹೋದ ಕೂಡಲೇ ಮತ್ತೆ ನಡೆಯುತ್ತದೆ. ಮೊಬೈಲೂ ಅಷ್ಟೇ, ಮಾತು ಬರುತ್ತದೆ, ಗಂಟೆ ಎಷ್ಟೆಂದು ತೋರಿಸುವುದಿಲ್ಲ. ಕೈಗೆ ಗಡಿಯಾರ ಕಟ್ಟುವವರು ಇದ್ದಾರೆ, ಆದರೆ ಅದು ಬಳೆ ತೊಟ್ಟ ಹಾಗೆ, ಚೆಂದಕ್ಕೆ. ಹಾಗಾಗಿ ಊರಿಗೊಬ್ಬರು ನಾಡಿ ಎಣಿಸುವವರು ಬೇಕಾಗುತ್ತದೆ. ಆ ಕೆಲಸ ನನ್ನದು. ಮುಹೂರ್ತದ ಹೊತ್ತಿಗೆ ಪುರೋಹಿತರು ಬಂದು ನನ್ನ ಪಕ್ಕ ಕೂರುತ್ತಾರೆ. ಶಾಲೆಯ ಪರೀಕ್ಷೆಗೆ ನನ್ನನ್ನು ವರಾಂಡದಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರೆ. ಡಾಕ್ಟರು ಒಂದು ಕೈಯಲ್ಲಿ ಜ್ವರ ಬಂದವರ ನಾಡಿ ಹಿಡಿದು ಇನ್ನೊಂದು ಕೈಯಲ್ಲಿ ನನ್ನ ನಾಡಿ ಹಿಡಿದು, ಎಷ್ಟು ಜಾಸ್ತಿ ಓಡುತ್ತಿದೆ ನೋಡುತ್ತಾರೆ. ನಾನು ಅಡುಗೆ ಅರ್ಧಕ್ಕೆ ಬಿಟ್ಟು ಹೋಗಬೇಕು. ಬೇಳೆ ಸೀದರೆ ಕೇಳುವವರು ಯಾರು.

ಈ ಕೆಲಸಕ್ಕೆ ನನ್ನನ್ನು ಆರಿಸಿದವರು ಸಂಕಮ್ಮಜ್ಜಿ. ನನಗಿಂತ ಮುಂಚೆ ಎಣಿಸುತ್ತಿದ್ದವರು ಅವರು. ಅವರಿಗೆ ವಯಸ್ಸಾದಾಗ ಊರಿನ ಹದಿನೆಂಟು ಹೆಂಗಸರನ್ನು ಒಬ್ಬೊಬ್ಬರಾಗಿ ಎದುರಿಗೆ ಕೂರಿಸಿಕೊಂಡು, ತಮ್ಮ ನಾಡಿ ತಾವು ಹಿಡಿದು ಹಲಗೆಯ ಮೇಲೆ ಬೆರಳು ಬಡಿಯುತ್ತಿದ್ದರು. ನಾವೂ ನಮ್ಮ ನಾಡಿ ಹಿಡಿದು ಬಡಿಯಬೇಕು. ಎರಡು ಬೆರಳೂ ಒಟ್ಟಿಗೆ ಬೀಳಬೇಕು. ನಡುವೆ ಹಿಂದಿನಿಂದ ಯಾರೋ ಹಿತ್ತಾಳೆಯ ಕೊಪ್ಪರಿಗೆ ಎತ್ತಿ ನೆಲಕ್ಕೆ ಹಾಕುತ್ತಿದ್ದರು. ನಿಮ್ಮ ಮನೆಗೆ ಬೆಂಕಿ ಬಿದ್ದಿದೆ ಎಂದು ಕೂಗುತ್ತಿದ್ದರು. ಹದಿನೇಳು ಜನರ ಬೆರಳು ಎಡವಿತು. ನನ್ನದು ಎಡವಲಿಲ್ಲ. ಮನೆಗೆ ಬೆಂಕಿ ಬಿದ್ದರೆ ಆರಿಸಲು ಯಜಮಾನರಿದ್ದಾರೆ ಎಂದುಕೊಂಡೆ, ಅಷ್ಟೇ. ಅವತ್ತಿನಿಂದ ಊರು ನನ್ನನ್ನು ಗಟ್ಟಿ ಎದೆಯವಳು ಎನ್ನತೊಡಗಿತು. ಹೊಗಳಿಕೆಯೋ ಬೈಗುಳವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಇನ್ನು ಈ ಸುತ್ತಿನ ವಿಷಯ. ಸುಗ್ಗಿ ಮುಗಿದ ಮೇಲೆ ನಮ್ಮಲ್ಲಿ ಕಾರಿನ ಸುತ್ತು ನಡೆಯುತ್ತದೆ. ಹತ್ತಿ ಮಿಲ್ಲಿನ ಗೇಟಿನಿಂದ ಹೊರಟು, ಸಂತೆ ಮೈದಾನ ಬಳಸಿ, ಕೆರೆ ಏರಿಯ ಮೇಲೆ ಹೋಗಿ, ಕಲ್ಲು ಕ್ವಾರಿಯ ತಿರುವು ದಾಟಿ ಮತ್ತೆ ಮಿಲ್ಲಿಗೆ ಬರಬೇಕು. ಒಂದು ಸಲಕ್ಕೆ ಒಂದೇ ಕಾರು. ನಾನು ಮಿಲ್ಲಿನ ತಾರಸಿಯ ಮೇಲೆ ಕೂತು ಎಣಿಸುತ್ತೇನೆ. ಅಲ್ಲಿಂದ ಇಡೀ ದಾರಿ ಕಾಣುತ್ತದೆ. ನೂರು ಬಡಿತಕ್ಕೆ ಒಂದು ಹುಣಸೆ ಬೀಜ ಪಕ್ಕಕ್ಕಿಡುತ್ತೇನೆ. ಕಡಿಮೆ ಬಡಿತದಲ್ಲಿ ಬಂದವನು ಗೆದ್ದ. ಎಣಿಸುವವಳಿಗೆ ಕೆಮ್ಮು ಬಂತು, ತಲೆ ತಿರುಗಿತು, ಮನಸ್ಸು ಕದಡಿತು ಎಂದಾದರೆ ಎದ್ದು ನಿಂತು ‘ನಾಡಿ ತಪ್ಪಿತು’ ಎನ್ನಬೇಕು. ಆಗ ಆ ಸುತ್ತು ಲೆಕ್ಕಕ್ಕಿಲ್ಲ, ಕಾರು ಮತ್ತೊಮ್ಮೆ ಓಡಬೇಕು. ಸಂಕಮ್ಮಜ್ಜಿ ನಲವತ್ತು ವರ್ಷದಲ್ಲಿ ಈ ಮಾತು ಎರಡೇ ಸಲ ಹೇಳಿದ್ದರು, ಎರಡು ಸಲವೂ ಸೀನು ಬಂದದ್ದಕ್ಕೆ.

ಲಾಜರಪ್ಪ ಮೇಸ್ತ್ರಿ ಓಡಿಸಿದ್ದು ನಾನು ಹತ್ತು ವರ್ಷದವಳಿದ್ದಾಗ. ಮಣ್ಣು ರಸ್ತೆ. ಮೇಲೆ ಚಾವಣಿ ಇಲ್ಲದ ಕಾರು, ಸೈಕಲ್ಲಿನ ಹಾಗೆ ಕಡ್ಡಿ ಚಕ್ರ, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಸ್ಟಾರ್ಟು. ಸಂಕಮ್ಮಜ್ಜಿ ಎಣಿಸಿದ್ದು ಆರುನೂರ ಹನ್ನೆರಡು. ಮುಂದೆ ಇಪ್ಪತ್ತಾರು ವರ್ಷ ಅದರ ಹತ್ತಿರ ಯಾರೂ ಬರಲಿಲ್ಲ, ಎಲ್ಲ ಏಳುನೂರರ ಮೇಲೆಯೇ. ಆಮೇಲೆ ನನ್ನ ತಮ್ಮ ಬಂದ. ಅದೇ ಮಣ್ಣು ರಸ್ತೆ, ಆದರೆ ಕಾರು ಬೇರೆ ಕಾಲದ್ದು, ದಪ್ಪ ಟೈರು. ನಾನು ಎಣಿಸಿದ್ದು ಆರುನೂರ ಹದಿನಾಲ್ಕು. ಈಗ ರಸ್ತೆಗೆ ಸಿಮೆಂಟು ಬಿದ್ದಿದೆ. ತನ್ವೀರ್ ಎಂಬ ಹೊಸ ಡ್ರೈವರು ತಲೆಗೆ ಹೆಲ್ಮೆಟ್ ಹಾಕಿಕೊಂಡು ಐನೂರ ಐವತ್ತಕ್ಕೆ ಮುಗಿಸುತ್ತಾನೆ. ಸಿಮೆಂಟಿನ ಮೇಲೆ ನಮ್ಮ ರುಬ್ಬುವ ಕಲ್ಲನ್ನು ಉರುಳಿಸಿದರೂ ಅಷ್ಟಕ್ಕೇ ಬರುತ್ತದೆ ಎಂದು ಹಳಬರು ಮೂಗು ಮುರಿಯುತ್ತಾರೆ.

ಇಷ್ಟರ ಮೇಲೆ ನಡೆಯುವ ವಾದವನ್ನು ನೀವು ಕೇಳಬೇಕು. ಲಾಜರಪ್ಪನಿಗೆ ಓಂಕಾರಿಯ ಟೈರು ಕೊಟ್ಟಿದ್ದರೆ ಎಷ್ಟಕ್ಕೆ ಬರುತ್ತಿದ್ದ. ಓಂಕಾರಿಯನ್ನು ಲಾಜರಪ್ಪನ ಕಾರಿನಲ್ಲಿ ಕೂರಿಸಿದ್ದರೆ ಕೆರೆ ಏರಿ ಹತ್ತುತ್ತಿದ್ದನೇ. ತನ್ವೀರನ ಹೆಲ್ಮೆಟ್ ಕಿತ್ತು ಕಣ್ಣಿಗೆ ಧೂಳು ಹೊಡೆದರೆ ಏನಾಗುತ್ತಿತ್ತು. ಲಾಜರಪ್ಪನ ಕಾಲದಲ್ಲಿ ದಾರಿಯಲ್ಲಿ ದನ ಜಾಸ್ತಿ, ಓಂಕಾರಿಯ ಕಾಲದಲ್ಲಿ ಲಾರಿ ಜಾಸ್ತಿ. ದನ ಅಡ್ಡ ಬರುವುದು ಕಷ್ಟವೋ ಲಾರಿ ಅಡ್ಡ ಬರುವುದು ಕಷ್ಟವೋ. ಈರಣ್ಣ ಮೇಷ್ಟ್ರು ರಿಟೈರಾದ ಮೇಲೆ ಬೇರೆ ಕೆಲಸವಿಲ್ಲದೆ ದೊಡ್ಡ ಹಾಳೆಯ ಮೇಲೆ ಗೆರೆ ಹೊಡೆದು ಒಂದು ಪಟ್ಟಿ ಮಾಡಿದ್ದಾರೆ. ಅದರಲ್ಲಿ ದನಕ್ಕೆ ಇಷ್ಟು ಬಡಿತ, ಧೂಳಿಗೆ ಇಷ್ಟು ಬಡಿತ ಎಂದು ಕಳೆಯುವುದು ಕೂಡುವುದು ಎಲ್ಲ ಇದೆ. ಪ್ರತಿ ತಿಂಗಳು ಅದನ್ನು ಹೊಡೆದು ಹೊಸದು ಬರೆಯುತ್ತಾರೆ. ಬದುಕಿದ್ದವನನ್ನೂ ಸತ್ತವನನ್ನೂ ಒಂದೇ ತಕ್ಕಡಿಗೆ ಹಾಕುವ ಈ ಹುಚ್ಚು ಯಾವ ದೇವರು ಇವರಿಗೆ ಕೊಟ್ಟನೋ.

ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಈ ವರ್ಷ ಪುರಸಭೆಯವರು ಕ್ವಾರಿ ತಿರುವಿನಲ್ಲಿ ಒಂದು ಕಲ್ಲು ನಿಲ್ಲಿಸುತ್ತೇವೆ ಎಂದರು. ಊರಿನ ಅತಿ ದೊಡ್ಡ ಡ್ರೈವರ ಹೆಸರು ಅದರ ಮೇಲೆ. ಒಂದೇ ಹೆಸರು, ಎರಡು ಕೆತ್ತಲು ಜಾಗವಿಲ್ಲ. ಸಿಮೆಂಟು ಹಾಕುವಾಗ ತಿರುವನ್ನು ಅಗಲ ಮಾಡಿದ್ದರಿಂದ ಈಗಿನವರು ಲೆಕ್ಕಕ್ಕಿಲ್ಲ. ಭಾನುವಾರ ಸಭೆ, ಅಲ್ಲೇ ತೀರ್ಮಾನ. ಅಂದರೆ ಲಾಜರಪ್ಪ, ಇಲ್ಲ ಓಂಕಾರಿ.

ಈ ಸುದ್ದಿ ಬಂದ ಮೇಲೆ ನನ್ನ ತಮ್ಮ ಮನುಷ್ಯನಾಗಿ ಉಳಿಯಲಿಲ್ಲ. ಅವನಿಗೆ ಅರವತ್ತೆರಡು, ಬಸ್ ಸ್ಟ್ಯಾಂಡಿನ ಪಕ್ಕ ಪಂಚರ್ ಅಂಗಡಿ. ಹೆಂಡತಿ ಹೋಗಿ ಆರು ವರ್ಷವಾಯಿತು. ಊಟಕ್ಕೆ ನನ್ನ ಮನೆ. ಸಭೆಗೆಂದು ಟೈಲರಿಗೆ ಹೇಳಿ ಬಿಳಿ ಶರಟು ಹೊಲಿಸಿದ, ಅದನ್ನು ತೊಟ್ಟು ನನ್ನ ಕನ್ನಡಿಯ ಮುಂದೆ ನಿಂತು ಹೊಟ್ಟೆ ಒಳಗೆಳೆದುಕೊಂಡು ನೋಡಿಕೊಂಡ. ದಿನಾ ಬೆಳಿಗ್ಗೆ ತಿಂಡಿಗೆ ಕೂತ ಕೂಡಲೇ ಶುರು. ನಾನು ಬ್ರೇಕ್ ಮುಟ್ಟಲೇ ಇಲ್ಲ ಅಕ್ಕ. ಕ್ವಾರಿ ತಿರುವಿನಲ್ಲಿ ಕೂಡ ಮುಟ್ಟಲಿಲ್ಲ. ಇಡೀ ಊರಿನಲ್ಲಿ ಬ್ರೇಕ್ ಮುಟ್ಟದೆ ಆ ತಿರುವು ದಾಟಿದವನು ನಾನೊಬ್ಬನೇ. ಹೌದಪ್ಪ, ಇನ್ನೊಂದು ದೋಸೆ ಹಾಕಲಾ ಎಂದರೆ ಕೇಳಿಸುವುದಿಲ್ಲ.

ಬುಧವಾರ ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಬಂದು ಎದುರಿಗೆ ಕೂತ. ಒಂದು ಕಾಯಿಯನ್ನೂ ಬಿಡಿಸಲಿಲ್ಲ.

“ಎರಡು ಬಡಿತ ಅಕ್ಕ,” ಎಂದ. “ಎರಡು ಬಡಿತ ಅಂದ್ರೆ ಎಷ್ಟು. ಕಣ್ಣು ಮಿಟುಕಿಸೋಷ್ಟು. ಅವತ್ತು ಎಲ್ಲಿ ಬಿಟ್ಟೆ ಅಂತ ಮೂವತ್ತೊಂದು ವರ್ಷದಿಂದ ಹುಡುಕ್ತಾ ಇದೀನಿ. ಮಿಲ್ಲಿನ ಗೇಟಿಂದ ಶುರು ಮಾಡಿ ಒಂದೊಂದು ಗುಂಡಿನೂ ನೆನಪು ಮಾಡ್ಕೊಳ್ತೀನಿ. ರಾತ್ರಿ ನಿದ್ದೆ ಬರಲ್ಲ. ಎಲ್ಲಿ ಹೋಯ್ತು ಆ ಎರಡು ಬಡಿತ?”

“ಓಂಕಾರಿ, ಸುಮ್ನೆ ಇರು.”

“ನೀನಾದ್ರೂ ಹೇಳು. ಮೇಲಿಂದ ನೋಡ್ತಿದ್ದೆ ಅಲ್ವಾ. ಎಲ್ಲಿ ತಪ್ಪು ಮಾಡ್ದೆ ನಾನು?”

“ಸುಮ್ನೆ ಇರು ಅಂದೆ.”

“ಏರಿ ಮೇಲಾ? ಗೇರ್ ಬದಲಾಯಿಸೋವಾಗ್ಲಾ?”

ನನಗೆ ತಲೆ ಕೆಟ್ಟುಹೋಯಿತು. ಮೊರ ಎತ್ತಿ ಪಕ್ಕಕ್ಕೆ ಕುಕ್ಕಿದೆ, ಕಾಳೆಲ್ಲ ಚೆಲ್ಲಿತು.

“ನೀನೇನೂ ತಪ್ಪು ಮಾಡ್ಲಿಲ್ಲ ಕಣೋ,” ಎಂದೆ. “ತಪ್ಪು ನಂದು. ನನ್ನ ನಾಡಿ ಓಡಿತು.”

ಅವನು ಬಾಯಿ ಬಿಟ್ಟುಕೊಂಡು ನೋಡಿದ. ಹೇಳುವುದು ಹೇಳಿಯಾಗಿತ್ತು, ಇನ್ನು ಪೂರ್ತಿ ಹೇಳಲೇಬೇಕಿತ್ತು.

ಅವತ್ತು ಆದದ್ದು ಇಷ್ಟು. ಹೊರಗಿನ ಊರಿನಿಂದ ಕಾರಿನ ಕಂಪನಿಯವನೊಬ್ಬ ಬಂದಿದ್ದ. ತಾರಸಿಯ ಮೇಲೆ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದ. ನಿಮ್ಮ ಹಳೆಯ ಲೆಕ್ಕ ಮುರಿದರೆ ನಿಮ್ಮ ತಮ್ಮನನ್ನು ಕರೆದುಕೊಂಡು ಹೋಗುತ್ತೇನೆ, ದೊಡ್ಡ ದೊಡ್ಡ ಪಂದ್ಯಗಳಲ್ಲಿ ಓಡಿಸಲಿ ಎಂದಿದ್ದ. ಓಂಕಾರಿ ಹೊರಟ. ಸಂತೆ ಮೈದಾನದವರೆಗೆ ನನ್ನ ನಾಡಿ ಯಾವತ್ತಿನ ಹಾಗೆಯೇ ಇತ್ತು. ಏರಿ ಹತ್ತಿದಾಗ ಅವನು ಬರುವ ರಭಸ ನೋಡಿ ನನಗೆ ಬಾಯಿ ಒಣಗಿತು. ಕ್ವಾರಿ ತಿರುವಿನಲ್ಲಿ ಹಿಂದಿನ ಒಂದು ಚಕ್ರ ಅಂಚು ಬಿಟ್ಟು ಗಾಳಿಯಲ್ಲಿ ತಿರುಗಿತು. ಕೆಳಗೆ ಅರವತ್ತು ಅಡಿ ಕಲ್ಲು. ಅಮ್ಮ ಹೋದಾಗ ಅವನಿಗೆ ಮೂರು ವರ್ಷ, ನನಗೆ ಎಂಟು. ಎತ್ತಿ ಆಡಿಸಿದವಳು, ತಲೆ ಬಾಚಿದವಳು, ಹೊಡೆದವಳು ಎಲ್ಲ ನಾನೇ. ನನ್ನ ನಾಡಿ ಬೆರಳಿನ ಕೆಳಗೆ ಹುಚ್ಚು ಹಿಡಿದ ಹಾಗೆ ಓಡತೊಡಗಿತು. ಅದು ಓಡುತ್ತಿದೆ ಎಂದು ನನಗೆ ಗೊತ್ತು. ಎಣಿಸುತ್ತಲೇ ಹೋದೆ. ಗೇಟಿಗೆ ಬಂದಾಗ ಆರುನೂರ ಹದಿನಾಲ್ಕು.

“ನಾಡಿ ತಪ್ಪಿತು ಅನ್ಬೇಕಿತ್ತು,” ಎಂದೆ ಅವನಿಗೆ. “ಬಾಯಿ ತನಕ ಬಂತು. ಹಾಗಂದುಬಿಟ್ಟಿದ್ರೆ ನೀನು ಇನ್ನೊಂದು ಸಲ ಓಡಿಸ್ಬೇಕಿತ್ತು. ಇನ್ನೊಂದು ಸಲ ಅದನ್ನ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ. ಅದಕ್ಕೆ ಸುಮ್ನಾದೆ. ಆ ಕಂಪನಿಯವನು ಕಾಫಿನೂ ಕುಡೀದೆ ಎದ್ದು ಹೋದ. ನೀನು ಪಂಚರ್ ಅಂಗಡಿ ಇಟ್ಟೆ. ಹೇಳಿದ್ದಾಯ್ತು, ಈಗ ಬೈಯೋದಿದ್ರೆ ಬೈದುಬಿಡು.”

ಅವನು ಬೈಯಲಿಲ್ಲ. ಎದ್ದ. ಚೆಲ್ಲಿದ ಕಾಳನ್ನು ದಾಟಿಕೊಂಡು ಹೋದ.

ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಸಂಜೆಯೂ ಬರಲಿಲ್ಲ. ಗುರುವಾರ ಡಬ್ಬಿ ಕಳಿಸಿದರೆ ಖಾಲಿ ಮಾಡಿ ತೊಳೆದು ವಾಪಸ್ ಕಳಿಸಿದ, ಮಾತಿಲ್ಲ. ಮೂವತ್ತೊಂದು ವರ್ಷ ಇವನು ಬಾಯಿ ಮುಚ್ಚಲಿ ಎಂದು ಹರಕೆ ಹೊತ್ತವಳು ನಾನು, ಎರಡು ದಿನ ಬಾಯಿ ಮುಚ್ಚಿದ್ದಕ್ಕೆ ನನಗೆ ಅನ್ನ ಇಳಿಯಲಿಲ್ಲ. ಮೂರು ತಲೆಮಾರಿಗೆ ಆಗುವಷ್ಟು ಸಿಟ್ಟು ಬಂತು. ಬೈದರೆ ಬೈಯಬೇಕು, ಹೊಡೆದರೆ ಹೊಡೆಯಬೇಕು, ಡಬ್ಬಿ ತೊಳೆದು ಕಳಿಸುವುದು ಎಂಥದ್ದು.

ಶುಕ್ರವಾರ ಬೆಳಿಗ್ಗೆ ಯಾರದೋ ಕಾರು ತಂದು ಬಾಗಿಲಿಗೆ ನಿಲ್ಲಿಸಿದ.

“ಹತ್ತಕ್ಕ,” ಎಂದ.

“ಎಲ್ಲಿಗೆ?”

“ಹತ್ತು ಅಂದೆ.”

ಸೇತುವೆ ದಾಟಿ ಆಚೆ ಕಡೆ ನಿಲ್ಲಿಸಿದ. ಜೇಬಿನಿಂದ ಒಂದು ಗಡಿಯಾರ ತೆಗೆದು ಸ್ಟೀರಿಂಗಿನ ಮುಂದೆ ಇಟ್ಟ. ಅದು ನಡೆಯುತ್ತಿತ್ತು. ಆ ಸೆಕೆಂಡಿನ ಮುಳ್ಳು ಸುತ್ತುವುದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ನಾಡಿ ಹಿಡಿ, ನಾನು ಈಗ ಅಂದಾಗ ಶುರು ಮಾಡು, ಸಾಕು ಅಂದಾಗ ನಿಲ್ಲಿಸು ಎಂದ. ನಿಂತ ಕಾರಿನಲ್ಲಿ ಕೂತು ಎಣಿಸಿದೆ. ಒಂದು ನಿಮಿಷಕ್ಕೆ ಎಪ್ಪತ್ತು. ಸಂಕಮ್ಮಜ್ಜಿಯದೂ ಅಷ್ಟೇ ಇದ್ದಿರಬೇಕು, ನಮ್ಮಿಬ್ಬರ ಬೆರಳು ಒಟ್ಟಿಗೆ ಬೀಳುತ್ತಿತ್ತಲ್ಲ.

ಆಮೇಲೆ ಅವನು ಕಾರು ಬಿಟ್ಟ. ಗುಡ್ಡದ ಕಡೆಗೆ ಹೋಗುವ ರಸ್ತೆ, ತಿರುವಿನ ಮೇಲೆ ತಿರುವು. ಕನ್ನಡಕ ಹಾಕಿದ ಮುದುಕ, ಮೊಣಕೈ ಕಿಟಕಿಯ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತಾ, ಪಾತ್ರೆ ಉಜ್ಜುವಷ್ಟು ಸಲೀಸಾಗಿ ಹೋಗುತ್ತಿದ್ದ. ಅವನು ಓಡಿಸುವುದನ್ನು ಹತ್ತಿರ ಕೂತು ನೋಡಿದ್ದು ನಾನು ಅದೇ ಮೊದಲು. ಅವತ್ತು ಮೇಲಿಂದ ಧೂಳೂ ಆ ಚಕ್ರವೂ ಮಾತ್ರ ಕಂಡಿದ್ದವು. ಇಷ್ಟು ಚೆನ್ನಾಗಿ ಬರುವ ಕೆಲಸವನ್ನು ನಾನು ಇವನಿಂದ ಕಿತ್ತುಕೊಂಡೆನಲ್ಲ ಎಂದುಕೊಂಡೆ. “ಈಗ” ಎಂದ. ಎಣಿಸಿದೆ. “ಸಾಕು” ಎಂದಾಗ ಒಂದು ನಿಮಿಷಕ್ಕೆ ತೊಂಬತ್ತನಾಲ್ಕು.

ಕಾರನ್ನು ಒಂದು ಮರದ ಕೆಳಗೆ ನಿಲ್ಲಿಸಿ, ಅಂಗಡಿಯ ರಸೀದಿ ಪುಸ್ತಕ ತೆಗೆದು ಅದರ ಹಿಂದೆ ಲಾಜರಪ್ಪನ ಬಡಿತವನ್ನು ಎಪ್ಪತ್ತರಿಂದ, ತನ್ನದನ್ನು ತೊಂಬತ್ತನಾಲ್ಕರಿಂದ ಭಾಗಾಕಾರ ಮಾಡಿದ. ಬಹಳ ಹೊತ್ತು ಮಾಡಿದ. ಶಾಲೆಯಲ್ಲಿ ಲೆಕ್ಕದಲ್ಲಿ ಸೊನ್ನೆ ತೆಗೆದವನು. ಕೊನೆಗೆ ಹಾಳೆ ನನ್ನ ಕಡೆ ತಿರುಗಿಸಿದ.

“ಲಾಜರಪ್ಪ ಎಂಟು ಮುಕ್ಕಾಲು ನಿಮಿಷ,” ಎಂದ. “ನಾನು ಆರೂವರೆ.”

“ಅಂದ್ರೆ?”

“ಎರಡು ನಿಮಿಷದ ಮೇಲೆ ಮುಂದೆ ಇದೀನಿ. ಎರಡು ಬಡಿತ ಹಿಂದೆ ಅಲ್ಲ. ನಿಮಿಷ ಅಕ್ಕ.”

ಅವನು ಕುಣಿಯುತ್ತಾನೆ ಎಂದುಕೊಂಡೆ. ಹಾರ್ನ್ ಹೊಡೆಯುತ್ತಾನೆ, ಕೂಗುತ್ತಾನೆ, ಇಲ್ಲವಾದರೆ ನನ್ನ ಜೀವನ ಹಾಳು ಮಾಡಿದೆ ಎಂದು ಈಗಲಾದರೂ ಅಳುತ್ತಾನೆ ಎಂದುಕೊಂಡೆ. ಅವನು ಆ ತೊಂಬತ್ತನಾಲ್ಕರ ಮೇಲೆ ಪೆನ್ಸಿಲ್ ಇಟ್ಟುಕೊಂಡು ಕೂತಿದ್ದ.

“ಇವತ್ತು ನಾನು ಜೋರಾಗೇನೂ ಓಡಿಸ್ಲಿಲ್ಲ,” ಎಂದ. “ಇಷ್ಟಕ್ಕೇ ಇಷ್ಟು ಅಂದ್ರೆ, ಅವತ್ತು ಇನ್ನೂ ಜಾಸ್ತಿ ಓಡಿರುತ್ತೆ.”

“ಓಡಿರುತ್ತೆ.”

“ಅಷ್ಟೊಂದು ಹೆದರಿದ್ಯಾ ಅಕ್ಕ?”

ಭಾನುವಾರ ಸಭೆಯಲ್ಲಿ ನಾನೇ ಎದ್ದು ಎಲ್ಲ ಹೇಳುತ್ತೇನೆ, ಕಲ್ಲು ನಿನಗೇ ಎಂದೆ. ಅವನು ರಸೀದಿ ಪುಸ್ತಕ ಜೇಬಿಗಿಟ್ಟು ಕಾರು ತಿರುಗಿಸಿದ. ವಾಪಸ್ ಬರುವಾಗ ಎಷ್ಟು ನಿಧಾನ ಓಡಿಸಿದನೆಂದರೆ ಹೊಳೆಗೆ ಹೊರಟ ಎಮ್ಮೆಗಳು ನಮ್ಮನ್ನು ಹಿಂದೆ ಹಾಕಿ ಹೋದವು. ಮುಂದೆ ಹೋಗೋ ಮಹರಾಯ, ಒಲೆಯ ಮೇಲೆ ಹಾಲು ಇಟ್ಟು ಬಂದಿದ್ದೇನೆ ಎಂದರೂ ಕೇಳಲಿಲ್ಲ.

ಭಾನುವಾರ ಪುರಸಭೆಯ ಸಭಾಂಗಣ ತುಂಬಿತ್ತು. ಅಧ್ಯಕ್ಷ ವೃಷಭೇಂದ್ರಪ್ಪ ಮೇಜಿನ ಹಿಂದೆ. ಈರಣ್ಣ ಮೇಷ್ಟ್ರು ಗೋಡೆಗೆ ತಮ್ಮ ಪಟ್ಟಿ ಅಂಟಿಸಿ ಕೋಲು ಹಿಡಿದು ನಿಂತಿದ್ದರು. ದನ, ಧೂಳು, ಟೈರು, ಗಾಜು ಎಲ್ಲ ಕಳೆದು ಕೂಡಿ ಅವರು ಕೊನೆಗೆ ತಲುಪಿದ್ದು ಎಲ್ಲಿಗೆ ಎಂದರೆ, ಎರಡು ಕಾಲವೂ ಒಂದಕ್ಕೊಂದು ಸಮ, ಆದ್ದರಿಂದ ಬಡಿತದ ಲೆಕ್ಕವನ್ನು ಇದ್ದ ಹಾಗೇ ನೋಡಬೇಕು. ಇದನ್ನು ಹೇಳಲು ಹನ್ನೆರಡು ವರ್ಷ ಗೆರೆ ಹೊಡೆದಿದ್ದರು. ಓಂಕಾರಿ ಹೊಸ ಬಿಳಿ ಶರಟಿನಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದ.

ನಾನು ಎದ್ದು ನಿಂತೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಅವತ್ತು ನನ್ನ ನಾಡಿ ಓಡಿತ್ತು, ಗೊತ್ತಿದ್ದೂ ಸುಮ್ಮನಿದ್ದೆ, ನಾನು ಹೇಳಿದ ಆರುನೂರ ಹದಿನಾಲ್ಕು ಸುಳ್ಳು, ಓಂಕಾರಿ ಲಾಜರಪ್ಪನಿಗಿಂತ ಎಷ್ಟೋ ಮುಂದೆ ಎಂದೆ.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಓಂಕಾರಿಯ ವಿಷಯ ಒಬ್ಬರೂ ಎತ್ತಲಿಲ್ಲ. “ಹಾಗಾದ್ರೆ ನಮ್ಮ ಮಗಳ ಮುಹೂರ್ತ?” ಎಂದು ಹಿಂದಿನಿಂದ ಒಬ್ಬಳು ಕೇಳಿದಳು. “ಅವತ್ತೂ ಓಡಿತ್ತಾ ನಿಮ್ಮ ನಾಡಿ? ಅದಕ್ಕೇನಾ ಅಳಿಯ ಹಾಗಿರೋದು?” ಇನ್ನೊಬ್ಬ, ಪರೀಕ್ಷೆಯಲ್ಲಿ ತನಗೆ ಕಡಿಮೆ ಹೊತ್ತು ಕೊಟ್ಟಿದ್ದರಿಂದಲೇ ಫೇಲಾದೆ ಎಂದ, ಅವನು ಫೇಲಾಗಿ ಇಪ್ಪತ್ತು ವರ್ಷವಾಗಿತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ವೃಷಭೇಂದ್ರಪ್ಪ ಮೇಜು ಕುಟ್ಟಿದರು.

“ರುದ್ರಕ್ಕ, ನೀವು ಏನು ಹೇಳ್ತಿದೀರಿ ಅಂತ ಯೋಚನೆ ಮಾಡಿ,” ಎಂದರು. “ಒಂದು ಸಲ ತಪ್ಪಿತ್ತು ಅಂದ್ರೆ, ನೀವು ಎಣಿಸಿದ್ದು ಎಲ್ಲಾನೂ ಮತ್ತೆ ನೋಡ್ಬೇಕಾಗುತ್ತೆ. ಊರಿಗೆ ಬೇರೆಯವರನ್ನ ಹುಡುಕ್ಬೇಕಾಗುತ್ತೆ.”

ಹುಡುಕಿ ಎಂದೆ. ಅದು ಮಾತಿಗೆ ಹೇಳಿದ್ದು, ಅಷ್ಟೇ. ಈ ಕೆಲಸ ಬಿಟ್ಟರೆ ನನಗೆ ಊರಿನಲ್ಲಿ ಬೇರೆ ಹೆಸರಿಲ್ಲ. ಬೇಳೆ ಸೀಯುತ್ತದೆ ಎಂದು ದಿನಾ ಗೊಣಗುತ್ತೇನೆ, ಆದರೂ ಯಾರೂ ಕರೆಯದ ದಿನ ಸಂಜೆಯ ತನಕ ಬಾಗಿಲ ಕಡೆಯೇ ನೋಡುತ್ತಿರುತ್ತೇನೆ.

ಅಷ್ಟರಲ್ಲಿ ಓಂಕಾರಿ ಎದ್ದ. ಅವನು ಎದ್ದದ್ದಕ್ಕೆ ಎಲ್ಲರೂ ಸುಮ್ಮನಾದರು. ಇವನ ವಾದ ಕೇಳಿ ಕೇಳಿ ಅಭ್ಯಾಸವಾದ ಜನ, ಈಗ ಶುರು ಮಾಡುತ್ತಾನೆ ಎಂದು ಒಬ್ಬರಿಬ್ಬರು ಬೆನ್ನು ಒರಗಿಸಿ ಸರಿಯಾಗಿ ಕೂತರು.

“ಅಕ್ಕನಿಗೆ ವಯಸ್ಸಾಯ್ತು,” ಎಂದ. “ತಮ್ಮನ ಮೇಲಿನ ಮಮತೆಗೆ ಏನೋ ಹೇಳ್ತಿದಾಳೆ. ಅವಳ ನಾಡಿ ಓಡೋದು ಉಂಟಾ. ಕೊಪ್ಪರಿಗೆ ಎತ್ತಿ ಹಾಕಿದ್ರೂ ಅಲ್ಲಾಡದವಳು.”

“ಓಂಕಾರಿ,” ಎಂದೆ ನಾನು.

ಅವನು ನನ್ನ ಕಡೆ ತಿರುಗಲಿಲ್ಲ. “ಕ್ವಾರಿ ತಿರುವಿನಲ್ಲಿ ನಾನು ಬ್ರೇಕ್ ಹಾಕಿದ್ದೆ,” ಎಂದ. “ಹೆದರಿಕೆ ಆಯ್ತು, ಹಾಕ್ದೆ. ಇಷ್ಟು ವರ್ಷ ಹಾಕಲಿಲ್ಲ ಅಂತ ಹೇಳ್ಕೊಂಡು ತಿರುಗಿದ್ದು ಸುಳ್ಳು. ಎರಡು ಬಡಿತ ಹೋದದ್ದು ಅಲ್ಲೇ. ಅಕ್ಕ ಎಣಿಸಿದ್ದೇ ಲೆಕ್ಕ. ಬರ್ಕೊಳ್ಳಿ.”

ಎಷ್ಟೋ ಜನ ನಕ್ಕರು. ನಾನು ಅವತ್ತೇ ಹೇಳಿರಲಿಲ್ಲವಾ, ಹಿಂದಿನ ಲೈಟು ಹತ್ತಿದ್ದು ನಾನು ಕಣ್ಣಾರೆ ಕಂಡಿದ್ದೆ ಎಂದು ಒಬ್ಬ ಪಕ್ಕದವನ ತೊಡೆ ತಟ್ಟಿದ. ಆ ಕಾರಿಗೆ ಹಿಂದಿನ ಲೈಟೇ ಇರಲಿಲ್ಲ. ಮಗಳ ಮುಹೂರ್ತ ಸರಿಯಾಗಿತ್ತು ಎಂದು ಆ ತಾಯಿಗೆ ಸಮಾಧಾನವಾಯಿತು. ಡಾಕ್ಟರು ಕನ್ನಡಕ ಹಾಕಿಕೊಂಡರು. ವೃಷಭೇಂದ್ರಪ್ಪ ಲಾಜರಪ್ಪನ ಹೆಸರು ಬರೆದುಕೊಂಡು, ಕಲ್ಲು ಕೆತ್ತುವವನಿಗೆ ಹೇಳಿಕಳಿಸಿ ಎಂದರು. ಎಲ್ಲರಿಗೂ ಖಾರದ ಮಂಡಕ್ಕಿ ಹಂಚಿದರು. ತನ್ವೀರ್ ಮಾತ್ರ ಬಾಗಿಲ ಹತ್ತಿರ ನಿಂತು ಓಂಕಾರಿಯ ಮುಖವನ್ನೇ ನೋಡುತ್ತಿದ್ದ. ಆ ತಿರುವಿನಲ್ಲಿ ಓಡಿಸಿದವನು ಅವನು, ಬ್ರೇಕ್ ಹಾಕಿದೆ ಎಂಬ ಮಾತಿನ ಮೇಲೆ ಅವನಿಗೆ ಅನುಮಾನ ಬಂದಿರಬೇಕು.

ದಾರಿಯಲ್ಲಿ ನಾನು ಅವನನ್ನು ಬಿಡಲಿಲ್ಲ. ಮಾರುಕಟ್ಟೆ ದಾಟುವವರೆಗೆ ಬೈದೆ. ಅಂಚೆ ಕಚೇರಿ ದಾಟುವವರೆಗೆ ಬೈದೆ. ಮೂವತ್ತೊಂದು ವರ್ಷ ನನ್ನ ತಲೆ ತಿಂದೆ, ನನ್ನ ಪ್ರಾಣ ತಿಂದೆ, ದೋಸೆ ತಿನ್ನುವಾಗ ತಿಂದೆ, ಜ್ವರ ಬಂದು ಮಲಗಿದಾಗಲೂ ತಿಂದೆ, ಕೈಗೆ ಬಂದದ್ದನ್ನು ಇವತ್ತು ನಾಲ್ಕು ಜನರ ಎದುರಿಗೆ ಎತ್ತಿ ಎಸೆದು ಬಂದೆಯಲ್ಲ, ನಿನಗೆ ಬುದ್ಧಿ ಎನ್ನುವುದು ಇದೆಯೇ ಎಂದೆ. ಹೊಸ ಶರಟು ಬೇರೆ ಹೊಲಿಸಿದ್ದಾನೆ. ಅವನು ಮಂಡಕ್ಕಿ ತಿನ್ನುತ್ತಾ ನಡೆಯುತ್ತಿದ್ದ. ನಾನು ಬೈದು ಸುಸ್ತಾದ ಮೇಲೆ ಪೊಟ್ಟಣ ಮಡಿಸಿ ಜೇಬಿಗಿಟ್ಟುಕೊಂಡ.

“ಅಕ್ಕ, ಲಾಜರಪ್ಪನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ ಅಲ್ವಾ?”

“ಇರಲಿಲ್ಲ. ಎಲ್ಲಿಂದಲೋ ಬಂದವನು. ಈಗ್ಯಾಕೆ ಅದು?”

“ಅವನು ಓಡಿಸಿದಾಗ ಸಂಕಮ್ಮಜ್ಜಿ ನಾಡಿ ಒಂದು ಬಡಿತನೂ ಆಚೆ ಈಚೆ ಆಗ್ಲಿಲ್ಲ ಅಂತ ಊರೆಲ್ಲಾ ಹೊಗಳುತ್ತೆ.”

“ಹೌದು, ಆಗ್ಲಿಲ್ಲ.”

“ಬ್ರೇಕೇ ನೆಟ್ಟಗಿಲ್ಲದ ಗಾಡಿ. ಅದೇ ತಿರುವು, ಅದೇ ಕ್ವಾರಿ. ಬಿದ್ದುಬಿಡ್ತಾನೇನೋ ಅಂತ ಹೆದರೋಕೆ ಅವನಿಗೆ ಒಬ್ಬರೂ ಇರಲಿಲ್ಲ,” ಎಂದ. “ಪಾಪ, ಕಲ್ಲಾದ್ರೂ ಇರಲಿ ಬಿಡು.”

ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅವನು ಆಗಲೇ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದ. ನಿಧಾನ ನಡಿಯೋ, ಮಂಡಿ ನೋವು ಎಂದೆ. ನಿಧಾನ ಮಾಡಿದ.